ಶೇಷ

ಹುಮನಾಬಾದಿನ ಶಾಲೆಯಲ್ಲಿ ಗಣಿತದ ಮಾಸ್ತರರು ಹೇಳುತ್ತಿದ್ದರು:
ಭಾಜ್ಯ, ಭಾಜಕ, ಭಾಗಲಬ್ಧ ಬರೆದು ಎದ್ದು ಬಂದರೆ ಲೆಕ್ಕ ಮುಗಿಯಲಿಲ್ಲ,
ಕೆಳಗೆ ಗೆರೆ ಎಳಿ, ಶೇಷ ಎಷ್ಟು ಬರಿ.
ಬರೆಯದವರ ಕಿವಿ ಸಂಜೆಯವರೆಗೂ ಕೆಂಪು.

ಸೊಹಾರಿನ ಈ ಗಂಡಸರ ವಾರ್ಡಿನಲ್ಲಿ
ರಾತ್ರಿ ಪಾಳಿಯ ಬಿಳಿ ಹಲಗೆಯ ಮುಂದೆ ನಿಂತಿದ್ದೇನೆ.
ಹಾಸಿಗೆ ಇಪ್ಪತ್ತೊಂಬತ್ತು. ಬರಬೇಕಾದವರು ಆರು ಮಂದಿ.
ಒಬ್ಬಳಿಗೆ ಜ್ವರ, ಇನ್ನೊಬ್ಬಳನ್ನು ಐಸಿಯು ಕಡ ಒಯ್ದಿದೆ.
ನಮ್ಮೂರಲ್ಲಿ ಕಡ ಕೊಟ್ಟ ಹಿಟ್ಟು ವಾಪಸು ಬರುತ್ತದೆ,
ಇಲ್ಲಿ ನರ್ಸು ಬರುವುದಿಲ್ಲ.
ನನ್ನನ್ನೂ ಸೇರಿಸಿ, ನಾಲ್ಕೇಳ್ಲ ಇಪ್ಪತ್ತೆಂಟು.
ಒಂದು ಉಳಿಯಿತು.

ಹೋದ ವರ್ಷ ಮೇಟ್ರನ್ನು ಹೊಸ ಪದ್ಧತಿ ತಂದಿದ್ದರು:
ಒಬ್ಬ ನರ್ಸು, ಅವಳದೇ ಐದು ಮಂದಿ.
ಸೂಜಿ ಅವಳದು, ಗಾಯ ಅವಳದು,
ಉಂಡನೋ ಬಿಟ್ಟನೋ, ಮಗಳು ಫೋನು ಮಾಡಿದಳೋ ಇಲ್ಲವೋ,
ಅದೂ ಅವಳದು.
ಇವತ್ತು ಫೋನಿನಲ್ಲಿ ಅವರದೇ ದನಿ:
"ಒಂದು ರಾತ್ರಿಯ ಮಟ್ಟಿಗೆ ಹಳೆಯ ರೀತಿ. ಕೆಲಸ ಹಂಚಿಬಿಡು, ಬೇಗ ಮುಗಿಯುತ್ತದೆ."

ಹಂಚಿದೆ.
ರೊವೀನಾಳಿಗೆ ಬಿಪಿ, ನಾಡಿ, ಜ್ವರ, ಇಪ್ಪತ್ತೊಂಬತ್ತೂ.
ಲಿಜಿಗೆ ಮಾತ್ರೆ, ಇನ್ಸುಲಿನ್ನು, ಇಪ್ಪತ್ತೊಂಬತ್ತೂ.
ಝುವೈನಾಳಿಗೆ ಬ್ಯಾಂಡೇಜು.
ನನಗೆ ಡಾಕ್ಟರು, ಫೋನು, ಕಾಗದ, ಬಾಗಿಲು.
ಹೀಗೆ ಹಂಚಿದರೆ ಶೇಷವೇ ಉಳಿಯುವುದಿಲ್ಲ ನೋಡ್ರಿ!
ಒಂಬತ್ತೂವರೆಗೆ ಎಲ್ಲ ಚೌಕದಲ್ಲೂ ಟಿಕ್ಕು ಬಿದ್ದಿತ್ತು.
ಸುಳ್ಳೇಕೆ, ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಆಗ ಮುಖ್ಲೆಸ್ ಬಂದ, ನೆಲ ಒರೆಸುವ ಕೋಲು ಹಿಡಿದು.
ಅವನ ಬಂಗಾಲಿ ಹಿಂದಿಗೂ ನನ್ನ ಬೀದರಿನ ಹಿಂದಿಗೂ
ಹೇಗೋ ಬೀಗತನ ಕುದುರಿದೆ.
"ಸಿಸ್ಟರ್, ಇಪ್ಪತ್ತೆರಡರ ಖಲ್ಫಾನ್ ಬಾಬಾ ಇವತ್ತು ನನ್ನ ಬೈಯಲಿಲ್ಲ."
ಒಳ್ಳೆಯದಾಯಿತಲ್ಲ, ಅಂದೆ, ಕಾಗದದಿಂದ ಕಣ್ಣೆತ್ತದೆ.
"ಇಲ್ಲ ಸಿಸ್ಟರ್. ಬೇಕೆಂದೇ ಚಪ್ಪಲಿ ಸರಿಸಿದೆ.
ಎರಡು ಸಲ."

ಓಡಿದೆ.
ಬೆರಳ ತುದಿಯ ಹನಿಗೆ ಮೀಟರು ತೋರಿಸಿದ್ದು
ಒಂದು ಪಾಯಿಂಟ್ ಒಂಬತ್ತು.
ನಾಲ್ಕರ ಕೆಳಗೆ ಇಳಿಯಬಾರದ ಸಕ್ಕರೆ.

ಗ್ಲೂಕೋಸು ಏರುತ್ತಿರುವಾಗ ಅವರವರ ತುಣುಕು ತಂದು ಹಾಕಿದರು.
ರೊವೀನಾ: ಕೈ ತಣ್ಣಗಿತ್ತು, ಒದ್ದೆಯಿತ್ತು, ಬಿಪಿ ಮಾತ್ರ ಸರಿಯಿತ್ತು.
ಲಿಜಿ: ಚಾರ್ಟಿನಲ್ಲಿ ಇದ್ದಷ್ಟೇ ಯೂನಿಟ್ಟು ಕೊಟ್ಟೆ.
ಝುವೈನಾ: ಕಾಲು ಬಿಚ್ಚಿ ಕಟ್ಟುವಾಗ ಒಮ್ಮೆಯೂ ಗೊಣಗಲಿಲ್ಲ,
ಸದ್ಯ, ಅಂದುಕೊಂಡೆ.
ಊಟದ ತಟ್ಟೆ?
ತುಂಬಿದ್ದನ್ನು ತುಂಬಿದಂತೆಯೇ ಕ್ಯಾಂಟೀನಿನ ಹುಡುಗ ಎತ್ತಿಕೊಂಡು ಹೋಗಿದ್ದ.
ತಟ್ಟೆ ನೋಡುವುದು ಯಾರ ಪಾಲಿಗೂ ಬಂದಿರಲಿಲ್ಲ.
ಪಾಲು ಮಾಡಿದವಳು ನಾನು.

ಐವತ್ತು ವರ್ಷ ಬಲೆ ಎಳೆದ ಮುದುಕ ಕಣ್ಣು ಬಿಟ್ಟ.
ಮೊದಲು ನೋಡಿದ್ದು ಚಪ್ಪಲಿ.
ಆಮೇಲೆ ಬೈದ ನೋಡಿ, ಮುಖ್ಲೆಸನನ್ನು, ನಮ್ಮನ್ನು,
ಆಸ್ಪತ್ರೆ ಕಟ್ಟಿದವನನ್ನು.
ಅರಬ್ಬಿ ಪೂರಾ ಬಲ್ಲ ಝುವೈನಾ ಅನುವಾದ ಮಾಡಲು ಒಪ್ಪಲಿಲ್ಲ,
ಅಳುತ್ತ ನಗುತ್ತ ಪರದೆ ಹಿಡಿದು ನಿಂತಳು.

ಬೆಳಗಿನ ಐದಕ್ಕೆ ಫಾರಮು ತುಂಬುತ್ತಿದ್ದೇನೆ.
ಮೊದಲು ಗಮನಿಸಿದವರು ಯಾರು?
ನರ್ಸು, ಡಾಕ್ಟರು, ಸಂಬಂಧಿಕರು. ಮೂರು ಚೌಕ.
ಮುಖ್ಲೆಸ್, ನಿನ್ನ ಪೂರ್ತಿ ಹೆಸರೇನು?
ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ.
ಅವನು ಬಕೆಟ್ಟು ಕೆಳಗಿಟ್ಟ. "ಬರೀಬೇಡಿ ಸಿಸ್ಟರ್,
ರೋಗಿಯ ಹತ್ತಿರ ನಿನಗೇನು ಮಾತು ಅಂತ ಕಂಪನಿ ಕೇಳುತ್ತೆ."

ಮೂರೂ ಚೌಕ ಖಾಲಿ ಬಿಟ್ಟೆ.
ಕೆಳಗೊಂದು ಗೆರೆ ಎಳೆದು ಬರೆದೆ: ಶೇಷ, ಒಂದು.
ಮೇಟ್ರನ್ನು ಕೇಳಲಿ, ಹೇಳುತ್ತೇನೆ.

ಇವತ್ತಿನ ರಾತ್ರಿಯ ಪಟ್ಟಿ ಆಗಲೇ ಬಂದಿದೆ.
ಹಾಸಿಗೆ ಮೂವತ್ತು, ನರ್ಸು ಐದು.
ಐದಾರ್ಲ ಮೂವತ್ತು.
ಮತ್ತೊಮ್ಮೆ ಎಣಿಸಿದೆ.