ಮೂಲ ಪ್ರತಿ ಒಂದೇ

ರೂವಿಯ ಟೈಪಿಂಗ್ ಅಂಗಡಿಯಲ್ಲಿ ನನ್ನದು ಕಿಟಕಿ ಪಕ್ಕದ ಕುರ್ಚಿ.
ಪುಟಕ್ಕೆ ಐನೂರು ಬೈಸಾ. ಕಣ್ಣೀರಿಗೆ ಬೇರೆ ದರವಿಲ್ಲ.

ಪುತ್ತಬ್ಬ ಬಂದದ್ದು ಅಸರ್ ಬಾಂಗಿನ ನಂತರ,
ಜೇಬಿನಲ್ಲಿ ಫೋನ್ ಕಾರ್ಡುಗಳ ಕಟ್ಟು, ರಬ್ಬರ್ ಬ್ಯಾಂಡ್ ಸುತ್ತಿದ್ದು.
"ಬರೆಯಿರಿ ಲಿಡ್ವಿನ್ ಬಾಯಿ.
ಒಂದು ರಿಯಾಲಿನ ಕಾರ್ಡು ಕಂಪನಿ ನನಗೆ ಕೊಡುವುದು
ಒಂಬೈನೂರ ಅರವತ್ತಕ್ಕೆ.
ರಸ್ತೆಯಾಚೆ ತನ್ನದೇ ಗಾಜಿನ ಅಂಗಡಿಯಲ್ಲಿ ಮಾರುವುದು
ಒಂಬೈನೂರ ನಲವತ್ತಕ್ಕೆ.
ನಾನೇನು ಮಾರಲಿ ಮಾರಾಯ್ತಿ,
ಆ ಇಪ್ಪತ್ತು ಬೈಸಾದ ತೂತನ್ನೇ?"

ತೂತನ್ನು ಅರಬ್ಬಿಯಲ್ಲಿ ಬರೆದೆ.

ದೂರವಾಣಿ ಕಚೇರಿ ಅಂದಿತು:
ಇದು ಬೆಲೆಯ ಮಾತು, ಪೈಪೋಟಿ ನೋಡುವವರು ಬೇರೆ ಇದ್ದಾರೆ.
ಪೈಪೋಟಿಯ ಕಚೇರಿ ಅಂದಿತು:
ಇದು ಫೋನಿನ ಮಾತು, ಅದಕ್ಕೆ ಅದರದೇ ಕಾನೂನುಂಟು,
ಅದರದೇ ಕಟ್ಟಡವುಂಟು.
ನಡುವೆ ಟ್ಯಾಕ್ಸಿಗೆ ಎರಡು ರಿಯಾಲ್,
ಜೂನ್ ತಿಂಗಳ ನಲವತ್ತೇಳು ಡಿಗ್ರಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು, ಅಂದೆ.
"ಜಗಳವಾಡಿದ್ದರೆ ಸಾಕಿತ್ತು," ಅಂದ,
"ಇವರು ಮದುವೆಯೇ ಆಗಿಲ್ಲ ಅಂತಾರಲ್ಲ."

ಶುಕ್ರವಾರ ಮತ್ರಾದ ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕಿದ.
ಐಸಿನ ಮೇಲೊಂದು ಅಂಜಲ್, ಕಣ್ಣು ಇನ್ನೂ ತೇವ.
ಬಾಲ ಹಿಡಿದೆತ್ತಿ ಕೇಳಿದ:
ಇದೀಗ ಕಡಲಿನದೋ, ಸಂತೆಯದೋ?
ಕನ್ನಡ ತಿಳಿಯದ ಬಲೂಚಿ ಮುದುಕ
ಕಸಿದು ತಕ್ಕಡಿಗೆ ಹಾಕಿದ.

ಚಳಿಗೆ ಗಾಳಿ ತಿರುಗಿತು. ಪತ್ರಿಕೆಯಲ್ಲಿ ಯಾರೋ ಬರೆದರು.
ಒಂದೇ ವಾರದಲ್ಲಿ ಎರಡು ಕಾಗದ,
ಒಂದರ ಮುದ್ರೆ ಹಸಿರು, ಇನ್ನೊಂದರದು ನೀಲಿ:
ಈ ವಿಷಯ ನಮ್ಮ ಅಧಿಕಾರಕ್ಕೆ ಸೇರಿದ್ದು.
ಈ ವಿಷಯ ನಮ್ಮ ಅಧಿಕಾರಕ್ಕೆ ಸೇರಿದ್ದು.
ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಎರಡೂ ಕಡೆ,
ಮೂಲ ರಸೀದಿಗಳೊಂದಿಗೆ ಖುದ್ದು ಹಾಜರಾಗತಕ್ಕದ್ದು.

ಮೂಲ ಪ್ರತಿ ಒಂದೇ.
ಪುತ್ತಬ್ಬನೂ ಒಬ್ಬನೇ.

ಅಷ್ಟರಲ್ಲಿ ಅಂಗಡಿಯ ಅರ್ಧ ಬಾಡಿಗೆಗೆ ಹೋಗಿತ್ತು.
ಉಳಿದರ್ಧದಲ್ಲಿ ಚಾರ್ಜರ್ ವಯರು, ಮೆಹಂದಿ ಕೋನು, ಶುಂಠಿ ಮಿಠಾಯಿ.
ಕಾರ್ಡು ಕೇಳಿ ಬಂದ ಬಂಗಾಳಿ ಹುಡುಗರಿಗೆ
ತಾನೇ ರಸ್ತೆಯಾಚೆ ಕೈ ತೋರಿಸುತ್ತಿದ್ದ: ಅಲ್ಲಿ ಅಗ್ಗ.

ಶನಿವಾರ ರಾತ್ರಿ ಎರಡು ಉತ್ತರ ಟೈಪು ಮಾಡಿದೆ.
ಲಕೋಟೆಗೆ ಹಾಕುವಾಗ ಕೈ ತಡೆಯಿತು.
ಅದಲುಬದಲಾದರೆ
ಇವರದು ಅವರು, ಅವರದು ಇವರು, ಒಮ್ಮೆಯಾದರೂ ಓದಿಯಾರು.
ಪುತ್ತಬ್ಬ ನೋಡುತ್ತಿದ್ದ. ಏನೂ ಅನ್ನಲಿಲ್ಲ.
ಅಂಟು ನೆಕ್ಕಿದೆ.

ಎರಡು ಪುಟ, ಒಂದು ರಿಯಾಲ್.
ಕಟ್ಟಿನಿಂದೊಂದು ಕಾರ್ಡು ಎಳೆದು ಮೇಜಿನ ಮೇಲಿಟ್ಟ.
ಎಷ್ಟಕ್ಕೆ ಹಿಡಿದುಕೊಳ್ಳಲಿ ಅಂತ
ನಾನು ಕೇಳಲಿಲ್ಲ.