ಹಿತಾಸಕ್ತಿ ಘೋಷಣೆ

ಅಧ್ಯಕ್ಷರೇ,
ಏಳನೆಯ ಹೆಸರಿಗೆ ಬರುವ ಮುನ್ನ ಒಂದು ಮಾತು.
ನಮೂನೆಯ ಕೊನೆಯ ಪುಟದಲ್ಲಿ ಕೇಳಿದ್ದೀರಿ:
'ಈ ಅಭ್ಯರ್ಥಿಯನ್ನು ಬಲ್ಲಿರಾ? ಬಲ್ಲಿರಾದರೆ, ಎಷ್ಟು?'
ಬಲ್ಲೆ.
ಐದನೇ ನಂಬರಿನಷ್ಟು ಬಲ್ಲೆ.

ಐರ್ಲಿಸ್ ಪ್ರೋಸರ್. ನೋಂದಣಿ ವಿಭಾಗ, ಮೂರನೇ ಕಿಟಕಿ.
ಅರ್ಜಿ ತಡವಾದವರು, ಫೀಸು ಬಾಕಿಯವರು,
ಕಾಗುಣಿತ ತಪ್ಪಿ ಬೇರೆ ಯಾರೋ ಆಗಿಬಿಟ್ಟವರು
ನಿಲ್ಲುವ ಸಾಲು ಆಕೆಯದು.
ಬೆನ್ನ ಹಿಂದೆ ಬೂದು ಬಣ್ಣದ ಕಬ್ಬಿಣದ ಬೀರು,
ಅದರ ಮೇಲೆ ಚೀಟಿ: 'ಹಳೆಯ ರಸೀದಿಗಳು'.
ಒಳಗೆ ರಸೀದಿ ಇಲ್ಲ.
ಮೂರರಿಂದ ಹನ್ನೆರಡರವರೆಗೆ ಕರಿ ಬೂಟುಗಳು,
ತರಗತಿಯ ಫೋಟೋಗೆ ನಿಂತ ಮಕ್ಕಳ ಹಾಗೆ
ಗಿಡ್ಡವು ಮುಂದೆ, ದೊಡ್ಡವು ಹಿಂದೆ.

ಹನ್ನೊಂದು ವರ್ಷದ ಹಿಂದಿನ ಮಾರ್ಚ್.
ಅಬೆರಿಸ್ಟ್ವಿತ್‌ನ ಗಾಳಿ ನನ್ನ ಕೊಡೆಯನ್ನು
ಹೂವಿನಂತೆ ಅರಳಿಸಿ ಮುರಿದುಹಾಕಿತ್ತು.
ಪೆಂಗ್ಲೈಸ್ ಗುಡ್ಡ ಹತ್ತುವಷ್ಟರಲ್ಲಿ
ಇದ್ದೊಂದು ಜೊತೆ ಕ್ಯಾನ್ವಾಸ್ ಬೂಟು ಅಂಬಲಿ.
ಹತ್ತೂವರೆಗೆ ಸಂದರ್ಶನ, ಗಣಿತ ವಿಭಾಗದಲ್ಲಿ, ಪಾಠ ಹೇಳುವ ಕೆಲಸಕ್ಕೆ.
ಜೆರಾಕ್ಸ್ ಎಲ್ಲಿ ಎಂದು ಕೇಳಲು ಹೋದೆ.
ಆಕೆ ನನ್ನ ಮುಖ ನೋಡಲಿಲ್ಲ.
ಕೌಂಟರಿನಿಂದ ಬಗ್ಗಿ ಕೆಳಗೆ ನೋಡಿದಳು.
'ಅಳತೆ?'
'ಗದಗಿನ ಅಂಗಡಿಯದು ಗೊತ್ತು, ಇಲ್ಲಿಯದು ಗೊತ್ತಿಲ್ಲ.'
ರಜಾ ಅರ್ಜಿಯೊಂದನ್ನು ಮಗುಚಿ ನೆಲಕ್ಕಿಟ್ಟು
ನನ್ನ ಒದ್ದೆ ಪಾದದ ಸುತ್ತ ಪೆನ್ಸಿಲು ಎಳೆದಳು.
ಅಪ್ಪನೂ ಹಿಡಿಯದ ಕಾಲು ಅದು, ಸ್ವಾಮಿ.

ಐದು, ತುಸು ಸಡಿಲ.
ತುದಿಗೆ ವೇಲ್ಸ್ ಭಾಷೆಯ ಪತ್ರಿಕೆ ಹರಿದು ತುರುಕಿದಳು.
ನನಗೆ ಓದಲು ಬಾರದ ಸುದ್ದಿಯ ಮೇಲೆ ನಿಂತು
ಸಂಭವನೀಯತೆಯ ಕುರಿತು ಇಪ್ಪತ್ತು ನಿಮಿಷ ಮಾತಾಡಿದೆ.

ದೇವತೆ ಅಂದುಕೊಳ್ಳಬೇಡಿ.
ಹನ್ನೊಂದನೇ ನಂಬರು ತೆಗೆದುಕೊಂಡುಹೋಗಿ
ಮರಳಿಸದ ಮರ್ಥರ್ ಊರಿನ ರಿಡಿಯನ್‌ನನ್ನು
ಈಗಲೂ ಬೈಯುತ್ತಾಳೆ, ಅವನಪ್ಪನನ್ನೂ ಸೇರಿಸಿ.
ಸೆಲಾಮಾವಿತ್ ಪಾಲಿಶ್ ಮಾಡಿ ತಂದುಕೊಟ್ಟರೆ
'ಇದು ಬೇರೆ ಕಂಪನಿಯ ಪಾಲಿಶ್' ಎಂದು ಮುಖ ಗಂಟಿಕ್ಕಿದಳು.

'ಪರಿಣಾಮ: ಪುರಾವೆ ಲಗತ್ತಿಸಿ. ಒಂದರಿಂದ ಐದು.'
ನಾನು ಅಂಕಿ ಅಂಶದವಳು, ಈ ಅಂಕಣ ಬರೆದವಳೂ ನಾನೇ.
ಎಷ್ಟು ಕಾಲು? ಆಕೆ ಲೆಕ್ಕ ಇಟ್ಟಿಲ್ಲ.
ಹೋಲಿಸಲು, ಬೂಟು ಸಿಗದೆ ಹೋದವರ ಗುಂಪು ಬೇಕು;
ಅವರು ನಮ್ಮ ಯಾವ ಪಟ್ಟಿಯಲ್ಲೂ ಉಳಿದಿಲ್ಲ.
ಇರುವುದು ಇಷ್ಟೇ: ಐದನೇ ನಂಬರಿನ ಎಡ ಹಿಮ್ಮಡಿ
ಬಲಕ್ಕಿಂತ ಹೆಚ್ಚು ಸವೆದಿದೆ.
ಬಾಗಿಲ ಹೊರಗೆ ಕಾಯುವವರು
ಒಂದೇ ಕಾಲಿನ ಮೇಲೆ ಭಾರ ಹಾಕುತ್ತಾರೆ.

ನಮ್ಮಲ್ಲಿ ಇಂಥವರನ್ನು ಎಲೆಮರೆಯ ಕಾಯಿ ಅನ್ನುತ್ತೇವೆ.
ಅಂದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು
ಫೋಟೋ ಆದ ಮೇಲೆ ಕುರ್ಚಿ ಎತ್ತಿಡುತ್ತೇವೆ.
ಇಲ್ಲಿ ಗಾಜಿನ ಫಲಕ, ಐವತ್ತು ಪೌಂಡಿನ ಕೂಪನ್ನು.
ಆದರೆ ಎಲೆ ಎಲ್ಲಿತ್ತು, ಮರೆ ಎಲ್ಲಿತ್ತು?
ಇಪ್ಪತ್ತಾರು ವರ್ಷ ಆಕೆ ಕೂತದ್ದು ಕಿಟಕಿಯಲ್ಲಿ,
ದೀಪದ ಕೆಳಗೆ.
ನಾವೇ ನಮ್ಮ ನಮ್ಮ ಕಾಗದ ನೋಡುತ್ತ ನಿಂತಿದ್ದೆವು.

ಇದು ನನ್ನ ಹಿತಾಸಕ್ತಿ. ಹಾಗಾಗಿ ನಾನು ಅಂಕ ಕೊಡುವಂತಿಲ್ಲ.
ನಿಯಮ ಸರಿಯಾಗಿದೆ. ಹೊರಗಿರುತ್ತೇನೆ.

ಪಡಸಾಲೆ. ಬಾಗಿಲ ಗಾಜಿನಲ್ಲಿ ನಿಮ್ಮ ತುಟಿಗಳು ಅಲುಗುತ್ತಿವೆ,
ಯಾರೋ ಬೆರಳೆತ್ತಿದರು, ಮೂರೋ, ನಾಲ್ಕೋ.
ಆಚೆ ಸಮುದ್ರದ ಮೇಲೆ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡು
ಕಟ್ಟೆಯ ಅಡಿಗೆ ಮಲಗಲು ಇಳಿಯುತ್ತಿದೆ.
ಎಡಗಾಲಿನ ಮೇಲೆ ನಿಂತಿದ್ದೇನೆ.
ಕೆಳಗೆ ಹಜಾರ. ನಾಲ್ಕೂವರೆ, ಮುಚ್ಚುವ ಹೊತ್ತು.
ಮೂರನೇ ಕಿಟಕಿಯ ಷಟರು ಇಳಿಯುತ್ತ ಬಂದು
ಮುಂದೆ ಯಾರೋ ಬಂದು ನಿಂತಂತಾಗಿ,
ಮುಖ ಕಾಣುವಷ್ಟು ತೆರಪಿಲ್ಲ ಈಗ,
ಮೊಣಕಾಲಿನಿಂದ ಕೆಳಗಷ್ಟೇ,
ಅಲ್ಲಿಗೇ ತಡೆದು ನಿಂತಿದೆ.