ಒಂದು ಡಿಗ್ರಿ

ಮೋದೆನಾದ ಹೊರವಲಯ. ಕಿಟಕಿಗೆ ಮಂಜು ಮೆತ್ತಿದೆ.
ಒಳಗಾಜಿನಾಚೆ ಇಂಜಿನ್ನು
ಕೊಳವೆಗಳು ಕೆಂಪಗೆ ಕಾದು
ಕಟ್ಟಿಹಾಕಿದಲ್ಲೇ ಓಡುತ್ತಿದೆ, ಹನ್ನೊಂದು ಸಾವಿರ ಸುತ್ತು.

ಓರ್ನೆಲ್ಲಾ ಪೆಟ್ರೋಲನ್ನು ಎರಡು ಗುಟುಕು ಮಾಡಿದ್ದಾಳೆ:
ಉಸಿರೆಳೆವಾಗ ದೊಡ್ಡದು,
ಒತ್ತುವಾಗ ಒಂದೇ ಚೂರು, ಕಿಡಿಯ ಬಾಯಿಗೆ ತುತ್ತಿಟ್ಟಂತೆ.
ಮಿಕ್ಕದ್ದೆಲ್ಲ ಗಾಳಿ. ತೆಳ್ಳಗೆ ಉರಿಯಬೇಕು,
ಒಂದು ಹನಿಯೂ ಹೊಗೆಯಾಗಿ ಪೋಲಾಗಬಾರದು.

ಪಿಸ್ಟನ್ ತುದಿ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು;
ಬೆಂಕಿಗೂ ಹಬ್ಬಲು ಹೊತ್ತು ಬೇಕಲ್ಲ.
ಇಪ್ಪತ್ತೆರಡು ಡಿಗ್ರಿ. ಇಪ್ಪತ್ಮೂರು.
ಇನ್ನೊಂದು?
ಪರದೆ ಹಸಿರಾಗಿಯೇ ಇದೆ.

ತೆಲ್ಮೊ ಏನೂ ಅನ್ನಲಿಲ್ಲ.
ನಲವತ್ತು ವರ್ಷ ಇಂಜಿನ್ನುಗಳು ತಿಂದು ಉಳಿಸಿದ ಕಿವಿ ಅವನದು.
ಗೋಡೆ ತೂರಿ ಬಂದ ತಾಮ್ರದ ನಳಿಗೆಯ ತುದಿಯನ್ನು
ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದ.

ಆಮೇಲೆ ಒಂದು ಬೆರಳು, ಕೆಳಗೆ.

'ಬೇಳೆಯಲ್ಲಿ ಕಲ್ಲು ಸಿಕ್ಕ ಹಾಗೆ,' ಅಂದ,
'ಮೂರನೇ ಸಿಲಿಂಡರು.'

ಅವಳು ವಾದಕ್ಕಿಳಿಯಲಿಲ್ಲ. ಒಂದು ಡಿಗ್ರಿ ಹಿಂದಕ್ಕೆ.
ಎರಡು ಕುದುರೆ ಕಡಿಮೆ ಎಂದಿತು ಪರದೆ, ಮುಖ ಸಿಂಡರಿಸಿಕೊಂಡಂತೆ.

ದಾಖಲೆಯ ಹಾಳೆಯಲ್ಲಿ
'ಬದಲಾವಣೆಗೆ ಆಧಾರ' ಎಂಬಲ್ಲಿ
ತುಸು ಹೊತ್ತು ಪೆನ್ನು ನಿಂತಿತು.
ಬರೆದಳು: ಹಲ್ಲು.